ಕೆರೆ ಹಿಡಿಯುವ ಮೊದಲು

ಕಂದವಾರ ಕೆರೆಗೆ ಎಚ್.ಎನ್. ವ್ಯಾಲಿಯ ನೀರು ಹರಿದು ಬಂದಾಗಿನಿಂದ ಚಿಕ್ಕಬಳ್ಳಾಪುರದ ಸುತ್ತಮುತ್ತ ಒಂದು ಪ್ರಶ್ನೆ ಮತ್ತೆ ಮತ್ತೆ ಕೇಳಿಬರುತ್ತಿದೆ: ‘ನಾವೂ ಒಂದು ಕೆರೆ ಹಿಡಿಯೋಣ ಅಂತಿದ್ದೀವಿ, ಯಾರನ್ನ ಕೇಳಬೇಕು?’ ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಕೊಳಚೆಯನ್ನು ಸಂಸ್ಕರಿಸಿ, ದಿನಕ್ಕೆ 210 ದಶಲಕ್ಷ ಲೀಟರ್‌ನಂತೆ 65 ಕೆರೆಗಳಿಗೆ ತುಂಬುವ ಯೋಜನೆಯದು. ಅದರಲ್ಲಿ 44 ಕೆರೆಗಳು ಚಿಕ್ಕಬಳ್ಳಾಪುರ ಜಿಲ್ಲೆಯವು. ಅತ್ತ ಚಿಂತಾಮಣಿಯ ಕೆಲವು ಕೆರೆಗಳಿಗೆ ಕೆ.ಸಿ. ವ್ಯಾಲಿಯ ನೀರು ಸಿಕ್ಕಿತು. ಇದರ ಮೇಲೆ 2021ರ ನವೆಂಬರ್ ಮಳೆಗೆ ಎಷ್ಟೋ ಕೆರೆಗಳು ಕೋಡಿ ಹರಿದವು. ಬಳ್ಳಾರಿ ಜಾಲಿ ಬೆಳೆದು ದನ ಮೇಯುತ್ತಿದ್ದ ಕೆರೆಯಂಗಳದಲ್ಲಿ ನೀರು ನಿಂತ ಮೇಲೆ ಮೀನಿನ ಲೆಕ್ಕ, ದೋಣಿಯ ಲೆಕ್ಕ, ದಡದಲ್ಲೊಂದು ಹೋಟೆಲಿನ ಲೆಕ್ಕ ಎಲ್ಲವೂ ಶುರುವಾಗಿವೆ.

ಕೆರೆ ಗುತ್ತಿಗೆಯಲ್ಲಿ ನಿಮಗೆ ಸಿಗುವುದು ಮೀನಿನ ಹಕ್ಕು ಮಾತ್ರ. ಕೆರೆ ಸಿಗುವುದಿಲ್ಲ, ನೀರು ಸಿಗುವುದಿಲ್ಲ, ದಡವಂತೂ ಇಲ್ಲವೇ ಇಲ್ಲ. ಸರ್ಕಾರಿ ಭಾಷೆಯಲ್ಲಿ ಇದಕ್ಕೆ ‘ಮೀನು ಪಾಶುವಾರು ಹಕ್ಕು’ ಎನ್ನುತ್ತಾರೆ. ಕೆರೆ ಹಿಡಿದು ಕೈಸುಟ್ಟುಕೊಳ್ಳುವವರಲ್ಲಿ ಬಹುಪಾಲು ಜನ ಈ ವ್ಯತ್ಯಾಸವನ್ನು ಹಣ ಕಟ್ಟಿದ ಮೇಲೆ ತಿಳಿದವರು.

ಮೊದಲು, ಯಾರ ಕೆರೆ?

ಊರಿನವರನ್ನು ಕೇಳಿದರೆ ‘ನಮ್ಮೂರ ಕೆರೆ’ ಎಂದೇ ಹೇಳುತ್ತಾರೆ. ಕಾಗದದಲ್ಲಿ ಅದು ಬೇರೆ ಬೇರೆಯವರ ಕೈಯಲ್ಲಿರುತ್ತದೆ. ಸಾಮಾನ್ಯ ಲೆಕ್ಕ ಹೀಗಿದೆ: ಅಚ್ಚುಕಟ್ಟು 40 ಹೆಕ್ಟೇರ್‌ಗಿಂತ ಹೆಚ್ಚಿದ್ದರೆ ಕೆರೆ ಸಣ್ಣ ನೀರಾವರಿ ಇಲಾಖೆಯದು, ಅದರ ಮೀನಿನ ಹಕ್ಕನ್ನು ಮೀನುಗಾರಿಕೆ ಇಲಾಖೆ ವಿಲೇವಾರಿ ಮಾಡುತ್ತದೆ. ಅದಕ್ಕಿಂತ ಚಿಕ್ಕವು ಪಂಚಾಯತಿ ಕೆರೆಗಳು, ಅವುಗಳ ಹರಾಜು ಗ್ರಾಮ ಪಂಚಾಯತಿಯಲ್ಲಿ. ಇಲ್ಲಿ ಹೆಕ್ಟೇರ್ ಎಂದರೆ ನೀರು ನಿಲ್ಲುವ ಜಾಗದ ಅಳತೆಯಲ್ಲ, ಕೆರೆಯ ಕೆಳಗೆ ನೀರುಣ್ಣುವ ಜಮೀನಿನ ಅಳತೆ. ಈ ಎರಡನ್ನು ಗೊಂದಲ ಮಾಡಿಕೊಂಡು ತಪ್ಪು ಕಚೇರಿಯ ಮುಂದೆ ಕಾಯುವವರು ಬಹಳ.

ಪಟ್ಟಣದ ಅಂಚಿನ ಕೆರೆಗಳ ಕಥೆ ಬೇರೆ. ಚಿಂತಾಮಣಿಯ ಕನ್ನಂಪಲ್ಲಿ ಕೆರೆ ಊರಿಗೆ ಕುಡಿಯುವ ನೀರು ಕೊಡುವ ಕೆರೆ. ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರಗಳಿಗೆ ಜಕ್ಕಲಮಡುಗು. ಇಂಥ ಕಡೆ ಮೀನಿನ ಹಕ್ಕಿನ ಮಾತೆತ್ತುವ ಮೊದಲೇ ನಗರಸಭೆಯ ಬಾಗಿಲು ತಟ್ಟಬೇಕು. ಬಾಯಿಮಾತಿನ ಉತ್ತರ ಸಾಲದು. ತಾಲ್ಲೂಕು ಮೀನುಗಾರಿಕೆ ಸಹಾಯಕ ನಿರ್ದೇಶಕರಿಗೆ ಒಂದು ಅರ್ಜಿ ಕೊಟ್ಟು, ಕೆರೆಯ ಹೆಸರು, ಗ್ರಾಮ, ಸರ್ವೆ ನಂಬರು ಬರೆದು, ಅದು ಯಾರ ಸುಪರ್ದಿನಲ್ಲಿದೆ, ಈಗಿನ ಗುತ್ತಿಗೆ ಎಂದು ಮುಗಿಯುತ್ತದೆ, ಜಲವಿಸ್ತೀರ್ಣ ಎಷ್ಟು ಎಂದು ಲಿಖಿತವಾಗಿ ಕೇಳಿ. ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಇದ್ದೇ ಇದೆ.

ಎರಡನೆಯ ಕೆಲಸಕ್ಕೆ ಕೈಯಲ್ಲಿರುವ ಮೊಬೈಲು ಸಾಕು. ಭೂಮಾಪನ ಇಲಾಖೆಯ ‘ದಿಶಾಂಕ್’ ಆ್ಯಪ್ ತೆರೆದು ಕೆರೆಯ ಏರಿ ಮೇಲೆ ನಿಂತರೆ ಸರ್ವೆ ನಂಬರು ಕಾಣುತ್ತದೆ. ಅದನ್ನು ಹಿಡಿದು ಪಹಣಿ, ಗ್ರಾಮ ನಕ್ಷೆ ತೆಗೆಸಿ. ಕೆರೆಯಂಗಳ, ಹಳ್ಳ, ಕಾಲುವೆಗಳೆಲ್ಲ ಸರ್ಕಾರದ ಸ್ವತ್ತು ಎಂದು 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 67ನೇ ಕಲಂ ಹೇಳುತ್ತದೆ. ಆದರೂ ನಕ್ಷೆಯಲ್ಲಿ ನೂರು ಎಕರೆ ಇದ್ದ ಕೆರೆ ನೆಲದ ಮೇಲೆ ಎಷ್ಟಿದೆ ಎಂಬುದನ್ನು ನೀವೇ ನಡೆದು ನೋಡಬೇಕು. ಗುತ್ತಿಗೆ ಮೊತ್ತ ನಿಗದಿಯಾಗುವುದು ಕಾಗದದ ಜಲವಿಸ್ತೀರ್ಣದ ಮೇಲೆ, ಮೀನು ಬೆಳೆಯುವುದು ಉಳಿದಿರುವ ನೀರಿನಲ್ಲಿ. ಅಂಗಳದಲ್ಲಿ ಟೊಮೆಟೊ ಸಾಲು ಕಂಡರೆ ಆ ಗುಂಟೆಗಳನ್ನು ಕಳೆದೇ ನಿಮ್ಮ ದರ ಬರೆಯಿರಿ.

ನೀರಗಂಟಿಯನ್ನು ಮಾತಾಡಿಸುವುದನ್ನೂ ಮರೆಯಬೇಡಿ. ಕೆರೆ ಯಾವ ತಿಂಗಳಿಗೆ ತುಂಬುತ್ತದೆ, ತೂಬು ಎಂದು ಎತ್ತುತ್ತಾರೆ, ಬೇಸಿಗೆಯಲ್ಲಿ ಎಷ್ಟು ಆಳ ಉಳಿಯುತ್ತದೆ ಎಂಬುದು ಯಾವ ಕಡತದಲ್ಲೂ ಅವರ ತಲೆಯಲ್ಲಿ ಇರುವಷ್ಟು ಚೆನ್ನಾಗಿಲ್ಲ.

ಟೆಂಡರು, ಹರಾಜು, ಠೇವಣಿ

ಇಲಾಖೆಯ ಕೆರೆಗಳಲ್ಲಿ ಮೊದಲ ಸರದಿ ನೋಂದಾಯಿತ ಮೀನುಗಾರರ ಸಹಕಾರ ಸಂಘಗಳದ್ದು. ಸಂಘ ಬೇಡವೆಂದರೆ, ಅಥವಾ ಸಂಘವೇ ಇಲ್ಲದಿದ್ದರೆ ಟೆಂಡರ್ ಕಂ ಹರಾಜು. ಗುತ್ತಿಗೆ ಅವಧಿ ಸಾಮಾನ್ಯವಾಗಿ 5 ವರ್ಷ, ಗುತ್ತಿಗೆಯ ವರ್ಷ ಜುಲೈನಿಂದ ಮುಂದಿನ ಜೂನ್‌ವರೆಗೆ. ಟೆಂಡರು ರಾಜ್ಯದ ಇ-ಸಂಗ್ರಹಣಾ ಪೋರ್ಟಲ್‌ನಲ್ಲಿ ಬರುವುದರಿಂದ ಡಿಜಿಟಲ್ ಸಹಿ, ಪ್ಯಾನ್, ಬ್ಯಾಂಕ್ ಖಾತೆ ಮೊದಲೇ ಸಿದ್ಧವಿರಲಿ. ಕೊನೆಯ ದಿನ ಸೈಬರ್ ಕೇಂದ್ರಕ್ಕೆ ಓಡಿದರೆ ಸರ್ವರ್ ಕೈಕೊಡುವ ಸಾಧ್ಯತೆಯೇ ಹೆಚ್ಚು.

ಊರಿನ ನಾಲ್ಕು ಜನ ಸೇರಿ ಹಿಡಿಯುವುದಾದರೆ ಹಣ ಹಾಕುವವರು ಯಾರು, ಕಾಯುವವರು ಯಾರು, ನಷ್ಟ ಬಂದರೆ ಪಾಲು ಹೇಗೆ ಎಂದು ಛಾಪಾ ಕಾಗದದಲ್ಲಿ ಬರೆದುಕೊಳ್ಳಿ. ಗುತ್ತಿಗೆ ಒಬ್ಬರ ಹೆಸರಿನಲ್ಲಿದ್ದು ಮೀನು ಹತ್ತು ಜನರದಾದರೆ ಮೂರನೇ ವರ್ಷಕ್ಕೆ ಪೊಲೀಸ್ ಠಾಣೆಯಲ್ಲಿ ಲೆಕ್ಕ ಶುರುವಾಗುತ್ತದೆ. ಬೇರೆಯವರ ಗುತ್ತಿಗೆಯನ್ನು ಒಳಗುತ್ತಿಗೆ ಪಡೆಯುವ ದಾರಿಯಂತೂ ಬೇಡ. ಮೂಲ ಗುತ್ತಿಗೆದಾರರ ಮೇಲೆ ಕ್ರಮವಾದ ದಿನ ನಿಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಪಂಚಾಯತಿ ಕೆರೆಯ ಹರಾಜು ಸುಲಭ, ಆದ್ದರಿಂದಲೇ ಅಪಾಯ. ಡಂಗುರ ಸಾರಿದರೆ, ಐದಾರು ಜನ ಸೇರಿದರೆ, ದೇವಸ್ಥಾನದ ಕಟ್ಟೆಯ ಮೇಲೆ ಮುಗಿದೇ ಹೋಯಿತು. ಅಲ್ಲಿಗೆ ನಿಲ್ಲಿಸಬೇಡಿ. ಸಭೆಯ ನಡಾವಳಿಯ ದೃಢೀಕೃತ ಪ್ರತಿ, ಪಿಡಿಒ ಸಹಿ ಇರುವ ಆದೇಶ, ಕಟ್ಟಿದ ಪ್ರತಿ ರೂಪಾಯಿಗೂ ರಸೀದಿ, ಆಮೇಲೆ ಕರಾರು ಪತ್ರ ಎಲ್ಲವೂ ಬೇಕು. ‘ದೇವಸ್ಥಾನದ ಅಭಿವೃದ್ಧಿಗೆ’ ಎಂದು ರಸೀದಿಯಿಲ್ಲದೆ ಕೊಟ್ಟ ಹಣ ಭಕ್ತಿಯ ಲೆಕ್ಕಕ್ಕೆ ಹೋಗುತ್ತದೆ, ಗುತ್ತಿಗೆಯ ಲೆಕ್ಕಕ್ಕಲ್ಲ.

ಕರಾರು ಪತ್ರ ಯಾಕಿಷ್ಟು ಮುಖ್ಯ ಎಂಬುದಕ್ಕೆ ಒಂದು ಹಳೆಯ ಮೊಕದ್ದಮೆ ನೆನಪಾಗುತ್ತದೆ. ಒಡಿಶಾದ ಚಿಲಿಕಾ ಸರೋವರದಲ್ಲಿ ಮೀನು ಹಿಡಿಯುವ ಹಕ್ಕನ್ನು ಕೆಲವರು ಪಾರಿಕುಡ್‌ನ ರಾಜನಿಂದ ಹಣ ಕೊಟ್ಟು ಬಾಯಿಮಾತಿನಲ್ಲಿ ಪಡೆದಿದ್ದರು. ಜಮೀನ್ದಾರಿ ರದ್ದಾಗಿ ಎಸ್ಟೇಟು ಸರ್ಕಾರದ ಪಾಲಾದಾಗ ಸರ್ಕಾರ ಅವರ ಹಕ್ಕನ್ನು ಒಪ್ಪಲಿಲ್ಲ. ಆನಂದ ಬೆಹೆರಾ ಪ್ರಕರಣವೆಂದು ಹೆಸರಾದ ಅದರಲ್ಲಿ ಸುಪ್ರೀಂ ಕೋರ್ಟ್ 1955ರಲ್ಲಿ ಹೇಳಿದ್ದೇನೆಂದರೆ, ನೀರಿನಿಂದ ಮೀನು ಹಿಡಿದು ಒಯ್ಯುವ ಹಕ್ಕು ಸ್ಥಿರಾಸ್ತಿಯಿಂದ ಬರುವ ಲಾಭ, ಅದನ್ನು ಬರಹದಲ್ಲಿ, ನೋಂದಣಿ ಮಾಡಿಸಿಯೇ ಪಡೆಯಬೇಕು. ಬಾಯಿಮಾತು ನಂಬಿದವರು ಸೋತರು. 5 ವರ್ಷದ ಕರಾರನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಲು ತಗಲುವ ಖರ್ಚನ್ನು ಉಳಿಸಲು ಹೋಗಬೇಡಿ.

ದಡದ ಮೇಲೆ ಏನು ಮಾಡಬಹುದು

ನಿಮ್ಮ ಹರಿಗೋಲನ್ನು ದಡದ ಗೂಟಕ್ಕೆ ಕಟ್ಟಬಹುದು. ಬಲೆ ಒಣಗಿಸಬಹುದು. ಕಾವಲಿಗೆ ತೆಂಗಿನ ಗರಿಯ ಗುಡಿಸಲನ್ನು, ಪಂಚಾಯತಿ ಅಥವಾ ಇಲಾಖೆ ಒಪ್ಪಿದರೆ, ಏರಿಯಿಂದ ದೂರದಲ್ಲಿ ಹಾಕಬಹುದು. ನೀರಿನ ನಡುವೆ ಬಲೆಯ ಗುರುತಿಗೆ ಲಂಗರು ಕಲ್ಲು ಕಟ್ಟಿದ ಪ್ಲಾಸ್ಟಿಕ್ ಬುರುಡೆ ತೇಲಿಬಿಟ್ಟರೆ ಯಾರೂ ಕೇಳುವುದಿಲ್ಲ. ಗಣೇಶ ವಿಸರ್ಜನೆಯ ದಿನ ಮಾತ್ರ ಅವನ್ನು ಎತ್ತಿಬಿಡಿ, ಕತ್ತಲಲ್ಲಿ ಹಗ್ಗಕ್ಕೆ ಕಾಲು ಸಿಕ್ಕಿಕೊಳ್ಳುತ್ತದೆ.

ಸಿಮೆಂಟಿನ ಕಂಬ ನೆಟ್ಟು ನೀರಿನೊಳಕ್ಕೆ ಚಾಚುವ ಅಟ್ಟಣಿಗೆ, ಕಾಂಕ್ರೀಟಿನ ದೋಣಿಕಟ್ಟೆ, ಶೆಡ್ಡು, ಹೋಟೆಲು ಸಾಧ್ಯವಿಲ್ಲ. ಕರ್ನಾಟಕ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರದ 2014ರ ಕಾಯ್ದೆ ಕೆರೆಯೊಳಗೂ, ಕೆರೆಯ ಗಡಿಯಿಂದ 30 ಮೀಟರ್ ಅಂತರದೊಳಗೂ ಕಟ್ಟಡ ಬೇಡ ಎಂದಿತು. ಈ ಅಂತರವನ್ನು ಕೆರೆಯ ವಿಸ್ತೀರ್ಣಕ್ಕೆ ತಕ್ಕಂತೆ ಇಳಿಸುವ ತಿದ್ದುಪಡಿ ಮಸೂದೆಗೆ ವಿಧಾನಮಂಡಲ 2025ರಲ್ಲಿ ಒಪ್ಪಿಗೆ ಕೊಟ್ಟಿತು, ಪರಿಸರದವರು ಅದನ್ನು ಬಲವಾಗಿ ವಿರೋಧಿಸಿದರು. ಅಂತರ ಎಷ್ಟಾದರೂ ಆಗಲಿ, ನೀರಿಗೆ ಇಳಿಯುವ ಕಟ್ಟಡಕ್ಕೆ ಮೀನಿನ ಗುತ್ತಿಗೆ ಆಧಾರವಾಗುವುದಿಲ್ಲ.

‘ಅಮೆರಿಕದಲ್ಲಿ ಹಾಗಲ್ಲ’ ಎಂದು ಸಿಯಾಟಲ್‌ನಲ್ಲಿ ಮಗ ಇರುವವರು ಹೇಳಬಹುದು. ನಿಜ. ವಾಷಿಂಗ್ಟನ್ ರಾಜ್ಯದಲ್ಲಿ ನೀರಿನಡಿಯ ಸರ್ಕಾರಿ ನೆಲದ ಮೇಲೆ ದಡದ ಮನೆಯವರು ಸ್ವಂತ ವಿಹಾರದ ದೋಣಿಗಾಗಿ ಕಟ್ಟೆಯನ್ನೂ ಲಂಗರು ಬುರುಡೆಯನ್ನೂ ಬಾಡಿಗೆಯಿಲ್ಲದೆ ಇಟ್ಟುಕೊಳ್ಳಲು ಕಾನೂನು ಬಿಡುತ್ತದೆ. ಉಳಿದ ಬಳಕೆಗೆ ಗುತ್ತಿಗೆ ಪಡೆಯಬೇಕು. ಅಲ್ಲಿ ದಡಕ್ಕೆ ಮನೆ ತಾಗಿರುತ್ತದೆ. ನಮ್ಮ ಕೆರೆಯ ದಡದಲ್ಲಿ ಬೆಳಗ್ಗೆ ದನ ಇಳಿಯುತ್ತವೆ, ಬಟ್ಟೆ ಒಗೆಯುವವರು ಬರುತ್ತಾರೆ, ಏಪ್ರಿಲ್‌ನಲ್ಲಿ ರೈತರು ಗೋಡುಮಣ್ಣಿಗೆ ಟ್ರ್ಯಾಕ್ಟರು ತರುತ್ತಾರೆ, ತೂಬಿನ ಕೆಳಗೆ ಗದ್ದೆಯವರು ಕಾದಿರುತ್ತಾರೆ. ಒಬ್ಬರ ಕಟ್ಟೆ ಇಷ್ಟು ಜನರ ದಾರಿಗೆ ಅಡ್ಡ ಬರುತ್ತದೆ.

ದಡವನ್ನು ಖಾಸಗಿಯವರಿಗೆ ಕೊಟ್ಟು ನೋಡಿದ್ದೂ ಆಗಿದೆ, ಅದೂ ಈಗ ನಮಗೆ ನೀರು ಕಳಿಸುತ್ತಿರುವ ಕಣಿವೆಯಲ್ಲೇ. 2002ರಲ್ಲಿ ಹುಟ್ಟಿದ ಕೆರೆ ಅಭಿವೃದ್ಧಿ ಪ್ರಾಧಿಕಾರ ಹೆಬ್ಬಾಳ ಕೆರೆಯನ್ನು ಒಬೆರಾಯ್ ಸಮೂಹದ ಈಸ್ಟ್ ಇಂಡಿಯಾ ಹೋಟೆಲ್ಸ್‌ಗೂ, ನಾಗವಾರ ಕೆರೆಯನ್ನು ಲುಂಬಿನಿ ಗಾರ್ಡನ್ಸ್‌ಗೂ ವರ್ಷಗಟ್ಟಲೆ ಗುತ್ತಿಗೆಗೆ ಕೊಟ್ಟಿತು. ದೋಣಿವಿಹಾರ, ತಿಂಡಿಮನೆ, ಪ್ರವೇಶ ಶುಲ್ಕ ಬಂದವು. ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ ಎಂಬ ಸಂಸ್ಥೆ ಇದನ್ನು ಪ್ರಶ್ನಿಸಿ 2008ರಲ್ಲಿ ಹೈಕೋರ್ಟಿಗೆ ಹೋಯಿತು. ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ಸಮಿತಿ ವರದಿ ಕೊಟ್ಟಿತು, 2012ರಲ್ಲಿ ಹೈಕೋರ್ಟ್ ಅದರ ಶಿಫಾರಸುಗಳನ್ನು ಒಪ್ಪಿ ಆದೇಶ ಮಾಡಿತು. ಕಂದವಾರದ ದಡದಲ್ಲಿ ಹೋಟೆಲಿನ ಕನಸು ಕಾಣುವವರು ಆ ಆದೇಶವನ್ನು ಒಮ್ಮೆ ಓದಲಿ.

ಪ್ರವಾಸಿಗರಿಗೆ ದೋಣಿ ಓಡಿಸಲೇಬೇಕೆಂದಿದ್ದರೆ ದಾರಿ ಪೂರ್ತಿ ಮುಚ್ಚಿಲ್ಲ. ಆದರೆ ಅದು ಬೇರೆಯೇ ಅರ್ಜಿ. ಕೆರೆಯ ಒಡೆತನದ ಇಲಾಖೆಯ ನಿರಾಕ್ಷೇಪಣೆ, ಪ್ರವಾಸೋದ್ಯಮ ಇಲಾಖೆ, ಜಿಲ್ಲಾಧಿಕಾರಿ, ಕೆರೆ ಪ್ರಾಧಿಕಾರ, ಇಷ್ಟು ಮೆಟ್ಟಿಲು ಹತ್ತಬೇಕು. ಮೋಟಾರು ದೋಣಿಯಾದರೆ 2021ರ ಒಳನಾಡು ಹಡಗುಗಳ ಕಾಯ್ದೆಯ ಪ್ರಕಾರ ತಪಾಸಣೆ, ನೋಂದಣಿ, ವಿಮೆ ಬೇಕು. ಇಷ್ಟೆಲ್ಲ ಆದ ಮೇಲೂ ಮಾರ್ಚ್‌ನಲ್ಲಿ ನೀರು ಹಿಂದೆ ಸರಿದು ನಿಮ್ಮ ದೋಣಿ ಕೆಸರಿನಲ್ಲಿ ಕೂತಿರುತ್ತದೆ. ಸ್ಥಿರ ಕಟ್ಟೆಯ ಬದಲು ಡ್ರಮ್ಮುಗಳ ಮೇಲೆ ತೇಲುವ, ಬಿಚ್ಚಿ ಒಯ್ಯಬಹುದಾದ ಹಲಗೆಯನ್ನೇ ಯೋಜನೆಯಲ್ಲಿ ತೋರಿಸಿ. ಅನುಮತಿ ಸಿಗುವ ಸಾಧ್ಯತೆ ಇದ್ದರೆ ಅದಕ್ಕೇ.

ಅಂಗಳದ ಮರಗಳ ಬಗ್ಗೆಯೂ ಒಂದು ಮಾತು. ಸಾಮಾಜಿಕ ಅರಣ್ಯದ ಕಾಲದಲ್ಲಿ ಈ ಭಾಗದ ಕೆರೆಯಂಗಳಗಳಲ್ಲಿ ಕರಿಜಾಲಿ ನೆಟ್ಟರು. ಅವುಗಳ ಬುಡ ಈಗ ನೀರೊಳಗಿದೆ, ಬಲೆ ಎಳೆದರೆ ಹರಿಯುತ್ತದೆ. ಸಿಟ್ಟಿನಲ್ಲಿ ಕಡಿಯಲು ಹೋಗಬೇಡಿ. ಅರಣ್ಯ ಇಲಾಖೆಯ ಅನುಮತಿ ಪಡೆದ ಮೇಲೆಯೇ ಬುಡ ಕೀಳಿಸಿ. ಇಲ್ಲವೆಂದರೆ ಎಳೆಬಲೆಯ ಆಸೆ ಬಿಟ್ಟು ಬೀಸುಬಲೆ, ಕಟ್ಟುಬಲೆಯಲ್ಲೇ ಕೆಲಸ ಸಾಗಿಸಿ.

ಕೋಡಿಯ ಬಲೆ

ಗುತ್ತಿಗೆದಾರರು ಮತ್ತು ಅಚ್ಚುಕಟ್ಟುದಾರರ ನಡುವೆ ಜಗಳ ಹುಟ್ಟುವ ಜಾಗಗಳು ಎರಡು: ತೂಬು ಮತ್ತು ಕೋಡಿ.

ತೂಬಿನಲ್ಲಿ ನಿಮ್ಮ ಮಾತು ನಡೆಯದು, ನಡೆಯಲೂಬಾರದು. ಗದ್ದೆಗೆ ನೀರು ಬೇಕಾದಾಗ ಎತ್ತುತ್ತಾರೆ. ಐದು ವರ್ಷದಲ್ಲಿ ನೀರಿನ ಬಳಕೆಯೇ ಬದಲಾಗಬಹುದು. ಗೌರಿಬಿದನೂರು ತಾಲ್ಲೂಕಿನ ವಾಟದಹೊಸಹಳ್ಳಿ ಕೆರೆಯ ನೀರನ್ನು ಪಟ್ಟಣಕ್ಕೆ ಒಯ್ಯುವ ಯೋಜನೆಗೆ ಅಲ್ಲಿನ ರೈತರು ಧರಣಿ ಕೂತದ್ದು ನೆನಪಿರಲಿ. ಅಂಥ ಹಗ್ಗಜಗ್ಗಾಟದಲ್ಲಿ ಮೀನಿನವರನ್ನು ಯಾರೂ ಕೇಳುವುದಿಲ್ಲ. ಆದ್ದರಿಂದ ಕರಾರಿನಲ್ಲಿ ಎರಡು ವಾಕ್ಯ ಹುಡುಕಿ: ಬರಗಾಲದಲ್ಲಿ ಕೆರೆ ಒಣಗಿದರೆ ಗುತ್ತಿಗೆ ಹಣ ಏನಾಗುತ್ತದೆ, ಸರ್ಕಾರಿ ಕಾಮಗಾರಿಗಾಗಿ ನೀರು ಖಾಲಿ ಮಾಡಿದರೆ ಏನಾಗುತ್ತದೆ. ಇಲ್ಲದಿದ್ದರೆ ಸಹಿಗೆ ಮೊದಲೇ ಲಿಖಿತವಾಗಿ ಕೇಳಿ. ಕೆರೆ ಒಣಗಿದ ವರ್ಷ ತಹಶೀಲ್ದಾರ್ ಅಥವಾ ಇಂಜಿನಿಯರ್ ಮಾಡಿದ ಪಂಚನಾಮೆಯ ಪ್ರತಿ ಇಟ್ಟುಕೊಂಡರೆ ವಿನಾಯಿತಿ ಕೇಳಲು ಆಧಾರವಾದರೂ ಇರುತ್ತದೆ.

ಕೋಡಿಯದು ಇನ್ನೂ ಗಂಭೀರ. ಕೆರೆ ತುಂಬಿ ಹರಿಯುವ ರಾತ್ರಿ ಎರಡು ಕೆ.ಜಿ. ತೂಗುವ ಕಾಟ್ಲಾ ಸಾಲುಸಾಲಾಗಿ ಕೋಡಿ ಹಾರಿ ಹೋಗುವುದನ್ನು ನೋಡುತ್ತ ನಿಲ್ಲಲು ಯಾರಿಗೂ ಮನಸ್ಸು ಬಾರದು. ಅದಕ್ಕೆ ಕೋಡಿಗೆ ಅಡ್ಡಲಾಗಿ ಬಲೆ ಕಟ್ಟುತ್ತಾರೆ. ಸಣ್ಣ ಕಣ್ಣಿನ ಬಲೆಗೆ ಜೊಂಡು, ಅಂತರಗಂಗೆ, ಪ್ಲಾಸ್ಟಿಕ್ ಬಂದು ಅಂಟಿ ಅರ್ಧ ಗಂಟೆಯಲ್ಲಿ ಅದು ಗೋಡೆಯಾಗುತ್ತದೆ. ನೀರು ಹಿಂದಕ್ಕೆ ಏರುತ್ತದೆ, ಏರಿಯ ಮೇಲೆ ಹರಿಯತೊಡಗುತ್ತದೆ. ಮಣ್ಣಿನ ಏರಿ ಒಮ್ಮೆ ಕೊರೆದರೆ ಮತ್ತೆ ಕಟ್ಟಲು ಬಿಡದು. ನಮ್ಮ ಕೆರೆಗಳು ಸರಪಳಿಯಾಗಿ ಒಂದರ ಕೆಳಗೊಂದು ಇರುವುದರಿಂದ ಮೇಲಿನದು ಒಡೆದರೆ ಕೆಳಗಿನದಕ್ಕೂ ಅಪಾಯ. ಬಲೆ ಕಟ್ಟಲೇಬೇಕಿದ್ದರೆ ದೊಡ್ಡ ಕಣ್ಣಿನದು, ಕೋಡಿಯ ಬಾಯಿಂದ ಮುಂದಕ್ಕೆ ನೀರಿನೊಳಗೆ ಬಾಗಿಸಿ, ಕೆಳಗಡೆ ಜಾಗ ಬಿಟ್ಟು, ಒಂದೇ ಹಗ್ಗ ಕಡಿದರೆ ಪೂರ್ತಿ ಕಳಚುವಂತೆ ಕಟ್ಟಿ. ಅದೂ ಇಂಜಿನಿಯರ್ ಒಪ್ಪಿದರೆ. ಮಳೆಯ ರಾತ್ರಿ ಕತ್ತಿ ಹಿಡಿದು ಒಬ್ಬರು ಅಲ್ಲಿರಬೇಕು. ಕೋಡಿಯ ಮೇಲೆ ಮರಳಿನ ಚೀಲ ಇಟ್ಟು ನೀರು ಏರಿಸುವುದಂತೂ ಅಪರಾಧ.

ನೀರು ನೋಡಿ ಮರಿ ಬಿಡಿ

ಎಚ್.ಎನ್. ವ್ಯಾಲಿ, ಕೆ.ಸಿ. ವ್ಯಾಲಿ ನೀರು ಎರಡನೇ ಹಂತದ ಸಂಸ್ಕರಣೆಯದು, ಉದ್ದೇಶ ಅಂತರ್ಜಲ ಮರುಪೂರಣ. ಅದರಲ್ಲಿ ಸಾರಜನಕ, ರಂಜಕ ಹೆಚ್ಚು. ಮೀನಿನ ಮೇವಾದ ಪಾಚಿ ಚೆನ್ನಾಗಿ ಬೆಳೆಯುತ್ತದೆ, ಅತಿಯಾಗಿಯೂ ಬೆಳೆಯುತ್ತದೆ. ಹಗಲು ಪಾಚಿ ಆಮ್ಲಜನಕ ಕೊಡುತ್ತದೆ, ರಾತ್ರಿ ತಾನೇ ಉಸಿರಾಡಿ ಖಾಲಿ ಮಾಡುತ್ತದೆ. ಮೋಡ ಕವಿದ ಎರಡು ಮೂರು ದಿನದ ನಂತರ ನಸುಕಿನಲ್ಲಿ ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಅದು ಎಚ್ಚರಿಕೆಯ ಗಂಟೆ. ಆದ್ದರಿಂದ ನೀರಿನ ಪರೀಕ್ಷೆಗೆ ಮಾದರಿಯನ್ನು ಮಧ್ಯಾಹ್ನ ತೆಗೆಯಬೇಡಿ, ಸೂರ್ಯ ಹುಟ್ಟುವ ಮೊದಲು ತೆಗೆಯಿರಿ. ಕರಗಿದ ಆಮ್ಲಜನಕ ಲೀಟರಿಗೆ 5 ಮಿಲಿಗ್ರಾಂ ಮೇಲಿದ್ದರೆ ನಿಶ್ಚಿಂತೆ, 3ಕ್ಕಿಂತ ಇಳಿದರೆ ಆ ಕೆರೆಗೆ ದುಡ್ಡು ಹಾಕುವ ಮೊದಲು ಎರಡು ಸಲ ಯೋಚಿಸಿ. ಪರೀಕ್ಷೆ, ಸಲಹೆಗೆ ಚಿಂತಾಮಣಿ ಬಳಿಯ ಕುರುಬೂರಿನ ಕೃಷಿ ವಿಜ್ಞಾನ ಕೇಂದ್ರವನ್ನು ವಿಚಾರಿಸಿ, ಗೌರಿಬಿದನೂರಿನವರಿಗೆ ಹೆಸರಘಟ್ಟದ ಮೀನುಗಾರಿಕೆ ಸಂಶೋಧನಾ ಕೇಂದ್ರವೂ ದೂರವಲ್ಲ.

ಮರಿ ಬಿಡುವ ಕಾಲ ಜುಲೈನಿಂದ ಸೆಪ್ಟೆಂಬರ್. ಮೇವು ಹಾಕದ ಕೆರೆಗೆ ಹೆಕ್ಟೇರಿಗೆ 2,000ದಿಂದ 4,000 ಬೆರಳುದ್ದದ ಮರಿ ಸಾಕು, ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ ಬೆರೆಸಿ. ಅಗ್ಗವೆಂದು ರಾಗಿಕಾಳಿನಷ್ಟು ಮರಿ ತಂದು ಸುರಿದರೆ ಕೊರಮೀನಿಗೆ ಹಬ್ಬ. ಜಿಲೇಬಿ ಮೀನು ಮೊದಲೇ ತುಂಬಿರುವ ಕೆರೆಯಲ್ಲಿ ಗೆಂಡೆಮರಿಗೆ ಮೇವು ಸಿಗದು, ಮೊದಲ ವರ್ಷ ಜಿಲೇಬಿಯನ್ನು ಹಿಡಿದು ತೆಗೆಯಿರಿ. ಆಫ್ರಿಕನ್ ಕ್ಯಾಟ್‌ಫಿಶ್ ದೇಶದಲ್ಲೇ ನಿಷೇಧ, ಯಾರು ಹೇಳಿದರೂ ಬಿಡಬೇಡಿ.

ಶಿಡ್ಲಘಟ್ಟದವರಿಗೊಂದು ಅನುಕೂಲವಿದೆ. ನೂಲು ಬಿಚ್ಚಿದ ಮೇಲೆ ಉಳಿಯುವ ರೇಷ್ಮೆಹುಳದಲ್ಲಿ ಪ್ರೋಟೀನ್ ಸಮೃದ್ಧ, ಒಣಗಿಸಿ ಎಣ್ಣೆ ತೆಗೆದು ತೌಡು, ಹಿಂಡಿಯ ಜತೆ ಬೆರೆಸಿದರೆ ಗೆಂಡೆ ಜಾತಿಗೆ ಒಳ್ಳೆಯ ಆಹಾರ. ಹಸಿಯಾಗಿ ಹೆಚ್ಚು ಹಾಕಿದರೆ ಮಾಂಸಕ್ಕೆ ವಾಸನೆ ಹತ್ತುತ್ತದೆ, ನೀರೂ ಕೆಡುತ್ತದೆ. ಆದರೆ ಅದೇ ಊರಿನ ರೀಲಿಂಗ್ ಘಟಕಗಳ ಬೇಯಿಸಿದ ನೀರು ಚರಂಡಿ ಹಿಡಿದು ಯಾವ ಕೆರೆಗೆ ಸೇರುತ್ತದೆ ಎಂಬುದನ್ನೂ ಕಾಲುನಡಿಗೆಯಲ್ಲಿ ಹೋಗಿ ನೋಡಿ.

ಸಹಾಯಧನಕ್ಕೆ 2020ರಲ್ಲಿ ಶುರುವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಿದೆ. ಅದರ ಘಟಕ ವೆಚ್ಚದಲ್ಲಿ ಸಾಮಾನ್ಯ ವರ್ಗಕ್ಕೆ ಶೇ 40, ಪರಿಶಿಷ್ಟರು ಮತ್ತು ಮಹಿಳೆಯರಿಗೆ ಶೇ 60. ಕಿಸಾನ್ ಕ್ರೆಡಿಟ್ ಕಾರ್ಡ್ ಮೀನು ಸಾಕಣೆಗೂ ಸಿಗುತ್ತದೆ, ಬ್ಯಾಂಕಿನವರು ಕೇಳುವ ಮೊದಲ ಕಾಗದ ನೋಂದಾಯಿತ ಗುತ್ತಿಗೆ ಪತ್ರ. ಹರಿಗೋಲು ಹತ್ತುವ ಪ್ರತಿಯೊಬ್ಬರಿಗೂ ಅಪಘಾತ ವಿಮೆ ಮಾಡಿಸಿ, ಜೀವರಕ್ಷಕ ಜಾಕೆಟ್ ಕೊಡಿಸಿ. ಕೆರೆಯಂಗಳದಲ್ಲಿ ಇಟ್ಟಿಗೆಗೆ, ಮಣ್ಣಿಗೆ ತೋಡಿದ ಗುಂಡಿಗಳು ನೀರಿನಡಿ ಕಾಣುವುದಿಲ್ಲ, ಈಜು ಬಲ್ಲವರೂ ಅಲ್ಲಿ ಮುಳುಗಿದ್ದಾರೆ. ರಾತ್ರಿ ಯಾರಾದರೂ ಸಿಡಿಮದ್ದು ಹಾಕಿ ಮೀನು ಕದ್ದರೆ ನೀವು ಹೊಡೆದಾಟಕ್ಕೆ ಇಳಿಯಬೇಡಿ. ಸಿಡಿಮದ್ದು, ವಿಷ ಹಾಕಿ ಮೀನು ಹಿಡಿಯುವುದು 1897ರ ಮೀನುಗಾರಿಕೆ ಕಾಯ್ದೆಯ ಕಾಲದಿಂದಲೂ ಅಪರಾಧ. ಸತ್ತ ಮೀನಿನ ಫೋಟೊ, ದೂರಿನ ಸ್ವೀಕೃತಿ ಇಟ್ಟುಕೊಳ್ಳಿ.

ಕೊನೆಯ ವರ್ಷದ ಲೆಕ್ಕ ಬೇರೆ. ಜೂನ್ 30ರ ನಂತರ ಕೆರೆಯಲ್ಲಿ ಉಳಿದ ಮೀನು ಮುಂದಿನ ಗುತ್ತಿಗೆದಾರರದ್ದು, ಆದ್ದರಿಂದ ಕೊನೆಯ ಮುಂಗಾರಿಗೆ ದೊಡ್ಡ ಗಾತ್ರದ ಮರಿ ಬಿಟ್ಟು ಏಪ್ರಿಲ್–ಮೇ ತಿಂಗಳಲ್ಲಿ, ನೀರು ತಗ್ಗಿದಾಗ ಹಿಡಿದು ಮುಗಿಸಿ. ಗುಡಿಸಲು ಬಿಚ್ಚಿ, ಗೂಟ ಕಿತ್ತು, ಬುರುಡೆಗಳನ್ನು ಎತ್ತಿ, ಕೆರೆ ಖಾಲಿ ಮಾಡಿದ್ದಕ್ಕೆ ಒಂದು ಪತ್ರ ಬರೆದು ಸ್ವೀಕೃತಿಯ ಮೊಹರು ಹಾಕಿಸಿ. ಠೇವಣಿ ವಾಪಸಿಗೆ ಆ ಮೊಹರೇ ಬೇಕು.